ಕಿಡಿ ಹಿಡಿಯುವ ಬ್ರೇಕರ್ ಮನೆಯ ಯಾವ ಕೋಣೆಗೆ ಬೇಕು?

ಹೋದ ಬೇಸಿಗೆಯಲ್ಲಿ ರಾಯಚೂರಿನ ಒಂದು ಮನೆಯಿಂದ ಬೆಳಿಗ್ಗೆ ಆರಕ್ಕೇ ಫೋನು. “ಕೋಣ್ಯಾಗ ಸತ್ತ ಮೀನಿನ ವಾಸನಿ ಬರಕತ್ತದ, ನಮ್ಮನ್ಯಾಗ ಮೀನ ತಿನ್ನವ್ರೇ ಇಲ್ಲ” ಎಂದರು ಆ ಮನೆಯ ಅಮ್ಮ. ಹೋಗಿ ಮಂಚ ಸರಿಸಿದೆ. ಏಸಿಗೆ ಕೊಟ್ಟಿದ್ದ 16 ಆಂಪಿಯರ್ ಸಾಕೆಟ್ಟಿನ ಮುಖ ಕಂದು ತಿರುಗಿತ್ತು, ಬಲಗಡೆಯ ತೂತು ಕರಗಿ ಬಾಯಿ ಸೊಟ್ಟಗಾಗಿತ್ತು. ಮೇನ್ ಬಂದ್ ಮಾಡಿ ಬೋರ್ಡ್ ಬಿಚ್ಚಿದರೆ ಫೇಸ್ ವೈರಿನ ಮೇಲಿನ ಪ್ಲಾಸ್ಟಿಕ್ ಎರಡು ಬೆರಳಿನಷ್ಟು ಸುಟ್ಟು ಇದ್ದಿಲಾಗಿದೆ, ಟರ್ಮಿನಲ್ಲಿನ ಸ್ಕ್ರೂ ಬರಿಗೈಯಲ್ಲೇ ತಿರುಗುತ್ತದೆ. ಅಲ್ಲಿಂದ ತಲೆದಿಂಬಿಗೆ ಒಂದು ಗೇಣು.

“ಎಂಸಿಬಿ ಹಾಕಿಸಿದ್ವಲ್ಲ, ಅದ್ಯಾಕ ಬೀಳಲಿಲ್ಲ?” ಎಂದು ಮನೆಯ ಯಜಮಾನರು ಕೇಳಿದರು. ಡಿಬಿ, ಅಂದರೆ ಮನೆಯ ಬ್ರೇಕರುಗಳೆಲ್ಲ ಕೂತಿರುವ ಪೆಟ್ಟಿಗೆ, ತೆಗೆದು ನೋಡಿದೆ. ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ದಾರಿ ಕಡಿಯಬೇಕಾದ ಎಂಸಿಬಿ ಏನೂ ಆಗಿಲ್ಲವೆಂಬಂತೆ ಮೇಲಕ್ಕೇ ನಿಂತಿತ್ತು. ಅದರ ತಪ್ಪೇನೂ ಇರಲಿಲ್ಲ. ಅದು ಕಾಯುವ ಕಳ್ಳನೇ ಬೇರೆ.

ಅವರ ಪ್ರಶ್ನೆಗೆ ಅವತ್ತು ಚಹಾ ಕುಡಿಯುತ್ತಾ ಕೊಟ್ಟ ಉತ್ತರವನ್ನೇ, ಅಂದರೆ ಎಂಸಿಬಿಗೆ ಕಾಣದ ಕಿಡಿಯನ್ನು ಹಿಡಿಯುವ ಎಎಫ್‌ಡಿಡಿ ಎಂಬ ಬ್ರೇಕರಿನ ಮಾತನ್ನು, ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಹೊಸ ಮನೆ ಕಟ್ಟಿಸುವವರು, ಹಳೆ ಮನೆಗೆ ವೈರಿಂಗ್ ಬದಲಿಸುವವರು ಇದನ್ನು ಕೈಯಲ್ಲಿ ಹಿಡಿದು ತಮ್ಮ ಎಲೆಕ್ಟ್ರಿಷಿಯನ್ ಎದುರು ಕೂರಬಹುದು.

ಎಂಸಿಬಿ ಯಾಕೆ ಸುಮ್ಮನಿರುತ್ತದೆ

ಒಂದೂವರೆ ಟನ್ನಿನ ಏಸಿ ಸುಮಾರು 1,600 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. 230 ವೋಲ್ಟಿಗೆ ಅದು 7 ಆಂಪಿಯರ್. ದಾರಿಯಲ್ಲಿ ಒಂದು ಸ್ಕ್ರೂ ಸಡಿಲಾದರೂ ಹರಿಯುವ ಕರೆಂಟು ಆ 7 ಆಂಪಿಯರನ್ನು ದಾಟುವುದಿಲ್ಲ, ಇನ್ನೂ ಕೊಂಚ ಕಡಿಮೆಯೇ ಆಗುತ್ತದೆ. 16 ಆಂಪಿಯರಿನ ಎಂಸಿಬಿ ಬಿಸಿಯಾಗಿ ಬೀಳಬೇಕಾದರೆ 1.45 ಪಟ್ಟು, ಅಂದರೆ 23 ಆಂಪಿಯರ್ ಹರಿಯಬೇಕು. ಆಗಲೂ ಅದಕ್ಕೆ ಒಂದು ಗಂಟೆಯವರೆಗೆ ಸಮಯವಿದೆ. ತಟ್ಟನೆ ಬೀಳಬೇಕೆಂದರೆ ‘ಸಿ’ ಮಾದರಿಯದಕ್ಕೆ 80ರಿಂದ 160 ಆಂಪಿಯರ್ ಬೇಕು. ಏಳು ಆಂಪಿಯರಿನ ಕಿಡಿ ಅದರ ಲೆಕ್ಕದಲ್ಲಿ ಸಾಧಾರಣ ಸಂಸಾರ.

ಸೋರಿಕೆ ಹಿಡಿಯುವ ಆರ್‌ಸಿಸಿಬಿಯೂ ಇದನ್ನು ಕಾಣದು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬಂತೋ ಇಲ್ಲವೋ ಎಂದು ಅದು ತೂಗಿ ನೋಡುತ್ತದೆ. ನಿಮ್ಮ ಮೈ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಿದರೆ ಬೀಳುತ್ತದೆ. ಸಡಿಲು ಸ್ಕ್ರೂನಲ್ಲಿ ಸೋರಿಕೆಯಿಲ್ಲ, ಹೋದದ್ದೆಲ್ಲ ವಾಪಸ್ ಬರುತ್ತಿದೆ.

ಆದರೆ ಆ ಸ್ಕ್ರೂನ ಬಳಿ ಏನಾಗುತ್ತಿದೆ ನೋಡಿ. ಸಡಿಲು ಜಾಗದಲ್ಲಿ ಬರೀ 10 ವೋಲ್ಟ್ ಉಳಿದುಕೊಂಡರೂ 7 ಆಂಪಿಯರಿಗೆ 70 ವ್ಯಾಟ್ ಬಿಸಿ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಮೂರು ಐರನ್ನುಗಳನ್ನು ಒಂದು ಸಾಕೆಟ್ಟಿನೊಳಗೆ ತುರುಕಿ ರಾತ್ರಿಯಿಡೀ ಬಿಟ್ಟಂತೆ. ಪ್ಲಾಸ್ಟಿಕ್ ಬೆಂದು ಇದ್ದಿಲಾಗುತ್ತದೆ. ಇದ್ದಿಲು ಕರೆಂಟಿಗೆ ದಾರಿ ಕೊಡುತ್ತದೆ, ಆ ದಾರಿಯಲ್ಲಿ ಚರಚರ ಎಂದು ಕಿಡಿ ಕೂರುತ್ತದೆ. ಕಿಡಿಯ ನಡುಭಾಗದ ಶಾಖ ಸಾವಿರಾರು ಡಿಗ್ರಿ.

ಈ ಕಿಡಿಯ ‘ನಾಡಿ’ ಹಿಡಿಯುವ ಸಾಧನವೇ ಅಮೆರಿಕದಲ್ಲಿ ಎಎಫ್‌ಸಿಐ, ಯುರೋಪಿನಲ್ಲಿ ಮತ್ತು ನಮ್ಮಲ್ಲಿ ಎಎಫ್‌ಡಿಡಿ. ಒಳಗೊಂದು ಚಿಕ್ಕ ಎಲೆಕ್ಟ್ರಾನಿಕ್ ಮೆದುಳಿದೆ. ಕರೆಂಟಿನ ಅಲೆ ಪ್ರತಿ ಸಲ ಸೊನ್ನೆಗೆ ಇಳಿದಾಗ ಕಿಡಿ ಆರಿ ಮತ್ತೆ ಹತ್ತುತ್ತದಲ್ಲ, ಆ ತೊದಲನ್ನೂ ಅದರ ಜತೆ ಬರುವ ಗೊರಗೊರ ಸದ್ದಿನಂಥ ಹೈ ಫ್ರೀಕ್ವೆನ್ಸಿಯನ್ನೂ ಅದು ಕೇಳಿಸಿಕೊಳ್ಳುತ್ತದೆ. ಐಇಸಿ 62606 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ 230 ವೋಲ್ಟಿನಲ್ಲಿ 5 ಆಂಪಿಯರಿನ ಕಿಡಿಯನ್ನು ಅರ್ಧ ಸೆಕೆಂಡಿನಲ್ಲಿ, 10 ಆಂಪಿಯರಿನದನ್ನು ಕಾಲು ಸೆಕೆಂಡಿನಲ್ಲಿ, 16ರದನ್ನು 0.15 ಸೆಕೆಂಡಿನಲ್ಲಿ ಕಡಿಯಬೇಕು.

ಯಾವ ದೇಶದ ಕೋಡ್ ಎಲ್ಲಿ ಕಡ್ಡಾಯ ಮಾಡಿದೆ

ಮೊದಲು ಶುರು ಮಾಡಿದ್ದು ಅಮೆರಿಕ. ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವ ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 1999ರ ಆವೃತ್ತಿಯಲ್ಲಿ ಮಲಗುವ ಕೋಣೆಯ ಸಾಕೆಟ್ಟುಗಳಿಗೆ ಇದು ಬೇಕೆಂದಿತು; ಜಾರಿಗೆ ಬಂದದ್ದು 2002ರ ಜನವರಿ 1ರಿಂದ. 2002ರ ಆವೃತ್ತಿ ಆ ಕೋಣೆಯ ದೀಪಗಳನ್ನೂ ಸೇರಿಸಿಕೊಂಡಿತು. 2008ರಲ್ಲಿ ಹಾಲ್, ಊಟದ ಕೋಣೆ, ಓದುವ ಕೋಣೆ, ಬಟ್ಟೆಯ ಕ್ಲೋಸೆಟ್, ಮನೆಯೊಳಗಿನ ಓಣಿ ಎಲ್ಲವೂ ಪಟ್ಟಿಗೆ ಬಂದವು. 2014ರಲ್ಲಿ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಜಾಗ. ಬಚ್ಚಲು, ಗ್ಯಾರೇಜು, ಮನೆಯ ಹೊರಗಿನ ಸಾಕೆಟ್ಟುಗಳನ್ನು ಆ ಪಟ್ಟಿ ಬಿಟ್ಟಿದೆ. ಅಲ್ಲಿನ ಚಿಂತೆ ಶಾಕ್, ಅದಕ್ಕೆ ನಮ್ಮ ಆರ್‌ಸಿಸಿಬಿಯ ತಮ್ಮನಂಥ ಬೇರೆ ಸಾಧನವನ್ನು ಕೇಳುತ್ತದೆ. ಪ್ರತಿ ರಾಜ್ಯ ತನಗೆ ಬೇಕಾದ ಆವೃತ್ತಿಯನ್ನು ಒಪ್ಪಿಕೊಳ್ಳುವುದರಿಂದ ಒಂದು ರಾಜ್ಯದಲ್ಲಿ ಇದ್ದದ್ದು ಪಕ್ಕದ ರಾಜ್ಯದಲ್ಲಿ ಇರಲಿಕ್ಕಿಲ್ಲ.

ನಡುವೆ ಒಂದು ಮಾತು. ಬಳ್ಳಾರಿಯಲ್ಲಿ ಒಬ್ಬರು, ಅಮೆರಿಕದಿಂದ ಮಗ ತಂದದ್ದೆಂದು ಎರಡು ಎಎಫ್‌ಸಿಐ ಬ್ರೇಕರ್ ನನ್ನ ಕೈಗಿಟ್ಟು “ಹಾಕ್ರಿ” ಎಂದಿದ್ದರು. ಅವು 120 ವೋಲ್ಟ್, 60 ಹರ್ಟ್ಸಿನವು. ನಮ್ಮದು 230 ವೋಲ್ಟ್, 50 ಹರ್ಟ್ಸ್. ನಮ್ಮ ಡಿಬಿಯಲ್ಲಿ ಕೂರುವುದೂ ಇಲ್ಲ, ಕೂರಿಸಲೂಬಾರದು. ಪ್ರೀತಿಯಿಂದ ತಂದದ್ದು, ಶೋಕೇಸಿನಲ್ಲಿ ಇಟ್ಟುಕೊಳ್ಳಿ ಎಂದೆ.

ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. ಅವರ ಬಿಎಸ್ 7671 ನಿಯಮಕ್ಕೆ 2022ರಲ್ಲಿ ಬಂದ ಎರಡನೇ ತಿದ್ದುಪಡಿ ಕೋಣೆಯ ಹೆಸರನ್ನೇ ಹಿಡಿಯಲಿಲ್ಲ, ಕಟ್ಟಡವನ್ನು ನೋಡಿತು. 18 ಮೀಟರಿಗಿಂತ ಎತ್ತರದ ಅಥವಾ ಆರಕ್ಕಿಂತ ಹೆಚ್ಚು ಅಂತಸ್ತಿನ ವಸತಿ ಕಟ್ಟಡ, ಹಲವು ಕುಟುಂಬಗಳು ಹಂಚಿಕೊಂಡಿರುವ ಬಾಡಿಗೆ ಮನೆ, ವಿದ್ಯಾರ್ಥಿ ನಿಲಯ, ವೃದ್ಧರ ಆರೈಕೆ ಮನೆ: ಇವುಗಳಲ್ಲಿ 32 ಆಂಪಿಯರಿನವರೆಗಿನ ಸಾಕೆಟ್ ಸರ್ಕ್ಯೂಟುಗಳಿಗೆ ಕಡ್ಡಾಯ, ಉಳಿದ ಮನೆಗಳಿಗೆ ಶಿಫಾರಸು. ಓಡಿ ತಪ್ಪಿಸಿಕೊಳ್ಳಲು ಕಷ್ಟವಿರುವವರು ಎಲ್ಲಿದ್ದಾರೆ ಎಂಬುದೇ ಅವರ ಅಳತೆಗೋಲು. ಜರ್ಮನಿ 2016ರಲ್ಲಿ ಮಕ್ಕಳು, ವೃದ್ಧರು ಮಲಗುವ ಕೋಣೆಗಳು, ಮರದ ಕಟ್ಟಡಗಳು ಇತ್ಯಾದಿಗೆ ಕಡ್ಡಾಯ ಮಾಡಿ, 2019ರಲ್ಲಿ ಅಪಾಯ ಅಂದಾಜಿಸಿ ನಿರ್ಧರಿಸಿ ಎಂದು ಸಡಿಲಿಸಿತು.

ನಮ್ಮ ದೇಶಕ್ಕೆ ಬರೋಣ. ಕಟ್ಟಡಗಳ ವೈರಿಂಗಿಗೆ ಇರುವ ಭಾರತೀಯ ಮಾನಕ ಐಎಸ್ 732ರ 2019ರ ಆವೃತ್ತಿ, ಐಇಸಿಯ ಹಾದಿಯಲ್ಲೇ, ಡಿಬಿಯಿಂದ ಪ್ಲಗ್ಗು, ದೀಪಗಳಿಗೆ ಹೋಗುವ ಕೊನೆಯ ಸರ್ಕ್ಯೂಟುಗಳಲ್ಲಿ ಕಿಡಿ ದೋಷದ ವಿರುದ್ಧ ವಿಶೇಷ ರಕ್ಷಣೆ ಇರಲಿ ಎಂದು ಶಿಫಾರಸು ಮಾಡುತ್ತದೆ. ಎಲ್ಲೆಲ್ಲಿ ಎಂದರೆ, ಜನ ಮಲಗುವ ವ್ಯವಸ್ಥೆ ಇರುವ ಕಟ್ಟಡಗಳಲ್ಲಿ, ಸುಲಭವಾಗಿ ಹತ್ತಿಕೊಳ್ಳುವ ಸರಕು ಇಟ್ಟ ಅಥವಾ ತಯಾರಿಸುವ ಜಾಗದಲ್ಲಿ, ಉರಿಯುವ ಸಾಮಗ್ರಿಯಿಂದ ಕಟ್ಟಿದ ಕಟ್ಟಡದಲ್ಲಿ, ಬೆಂಕಿ ಬೇಗ ಮೇಲೇರುವ ಕಟ್ಟಡದಲ್ಲಿ, ಹೋದರೆ ಮತ್ತೆ ಸಿಗದ ವಸ್ತುಗಳಿರುವಲ್ಲಿ. ಇದು ಶಿಫಾರಸು. ಎಎಫ್‌ಡಿಡಿ ಇಲ್ಲವೆಂದು ಜೆಸ್ಕಾಂನವರು ಸಾಧಾರಣ ಮನೆಯ ಮೀಟರನ್ನು ನಿಲ್ಲಿಸಿದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಮನೆಯಲ್ಲಿ ‘ಮಲಗುವ ಕೋಣೆ’ ಯಾವುದು?

ಅಮೆರಿಕದ ಪಟ್ಟಿಯನ್ನು ಹಾಗೇ ತಂದು ಮಾನ್ವಿಯ ಮನೆಗೋ ಕುಷ್ಟಗಿಯ ಮನೆಗೋ ಹಚ್ಚಿದರೆ ತಪ್ಪುತ್ತದೆ. ನಕ್ಷೆಯಲ್ಲಿ ‘ಬೆಡ್‌ರೂಂ’ ಎಂದು ಬರೆದಲ್ಲಿ ಮೇ ತಿಂಗಳಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ಟ್ರಂಕು, ಅಕ್ಕಿ ಚೀಲ, ಮಡಿಚಿಟ್ಟ ಕೌದಿ. ಇಡೀ ಮನೆ ಪಡಸಾಲೆಯಲ್ಲಿ, ಕೂಲರಿನ ಎದುರು ಚಾಪೆ ಹಾಸಿ ಮಲಗಿರುತ್ತದೆ. ಅಜ್ಜಿ ಅಡುಗೆಮನೆ ಬಾಗಿಲಲ್ಲಿ, ಅಳಿಯ ಬಂದರೆ ಏಸಿ ಕೋಣೆಯಲ್ಲಿ. ಆದ್ದರಿಂದ ಕೋಣೆಯ ಹೆಸರು ಬಿಡಿ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಒಂದು ಸುತ್ತು ಹಾಕಿ, ಯಾರು ಎಲ್ಲಿ ಮಲಗಿದ್ದಾರೆ, ಅವರ ತಲೆಯ ಹತ್ತಿರ ಯಾವ ಪ್ಲಗ್ಗಿದೆ ನೋಡಿ. ನಿಮ್ಮ ಕೋಡ್ ಅಲ್ಲಿಂದ ಶುರು.

ಎರಡನೆಯದು, ಎಲ್ಲಿ ಏನು ಹತ್ತಿಕೊಳ್ಳುತ್ತದೆ. ಬಳ್ಳಾರಿಯ ಗಲ್ಲಿಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮಶೀನಿಟ್ಟು ಜೀನ್ಸ್ ಹೊಲಿಯುವವರಿದ್ದಾರೆ. ಹತ್ತಿಯ ನವಿರು ಎಳೆ ಹಾರಿ ಸಾಕೆಟ್ಟಿನ ತೂತಿನೊಳಗೂ ಡಿಬಿಯ ಮೇಲೂ ಕೂತಿರುತ್ತದೆ, ಪಕ್ಕದಲ್ಲೇ ಸೊಂಟದೆತ್ತರ ಬಟ್ಟೆ ರಾಶಿ. ಅಂಥ ಕೋಣೆಗೆ ನಾನು ಮಲಗುವ ಕೋಣೆಗಿಂತಲೂ ಮೊದಲು ಎಎಫ್‌ಡಿಡಿ ಹೇಳುತ್ತೇನೆ. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದ ಗೊಂಬೆ ಮಾಡುವ ಮನೆಗಳಿವೆ. ಮರದ ಪುಡಿ, ಬಣ್ಣ, ತಲೆತಲಾಂತರದ ಕೆಲಸದ ಮಾದರಿಗಳು, ಎಲ್ಲ ಒಂದೇ ಕೋಣೆಯಲ್ಲಿ. ಐಎಸ್ 732 ಹೇಳುವ ‘ಹತ್ತಿಕೊಳ್ಳುವ ಸರಕು’, ‘ಮತ್ತೆ ಸಿಗದ ವಸ್ತು’ ಎರಡೂ ಅಲ್ಲಿ ಒಟ್ಟಿಗೇ ಇವೆ.

ಮೂರನೆಯದು ಹಳೆ ಮಾಳಿಗೆ ಮನೆ. ತೊಲೆ, ಜಂತಿ, ಮೇಲೆ ಮಣ್ಣು. ಅದರಡಿ ಮರದ ಪಟ್ಟಿಯ ಮೇಲೆ ಹೊಡೆದ ನಲವತ್ತು ವರ್ಷದ ವೈರು, ಕೆಲವೆಡೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಸ್ಕ್ರೂನಡಿ ಒತ್ತಡಕ್ಕೆ ಮೆಲ್ಲಗೆ ಹರಿದು ತೆಳುವಾಗುತ್ತದೆ, ಮೇಲೆ ತುಕ್ಕಿನ ಪೊರೆ ಕಟ್ಟುತ್ತದೆ. ವರ್ಷಕ್ಕೆ ಒಂದು ಸುತ್ತು ಸಡಿಲು ಎಂದೇ ಲೆಕ್ಕ. ಅಂಥ ಮನೆಗೆ ಎಎಫ್‌ಡಿಡಿ ಹಾಕುವ ದುಡ್ಡಿದ್ದರೆ ಆ ದುಡ್ಡನ್ನು ಮೊದಲು ತಾಮ್ರದ ವೈರಿಗೆ ಹಾಕಿ.

ಸಿಂಧನೂರು, ಗಂಗಾವತಿ ಕಡೆಯವರು ಇಲಿಯನ್ನು ಮರೆಯುವಂತಿಲ್ಲ. ಭತ್ತದ ಚೀಲ ಮನೆಗೆ ಬಂದ ಮೇಲೆ ಅವೂ ಬರುತ್ತವೆ, ಸುಗ್ಗಿ ಮುಗಿದರೂ ಹೋಗುವುದಿಲ್ಲ. ಅಟ್ಟದ ಮೇಲೆ ಬಿಡಿಯಾಗಿ ಎಳೆದ ವೈರು ಅವಕ್ಕೆ ಹಲ್ಲು ಮಸೆಯುವ ಕಲ್ಲು. ಫೇಸೂ ನ್ಯೂಟ್ರಲೂ ಬತ್ತಲಾಗಿ ಒಂದಕ್ಕೊಂದು ಹತ್ತಿರವಾದರೆ ಸಣ್ಣಗೆ ಕಿಡಿ ಹಾರುತ್ತದೆ, ಎಂಸಿಬಿ ಬೀಳುವಷ್ಟು ಒಮ್ಮೆಗೇ ಶಾರ್ಟ್ ಆಗುವುದಿಲ್ಲ. ಎಎಫ್‌ಡಿಡಿ ತನ್ನ ಬೆಲೆಗೆ ನ್ಯಾಯ ಒದಗಿಸುವುದು ಇಂಥ ಜಾಗದಲ್ಲಿ.

ಹೊಲದ ಪಂಪ್, ಹೊರಗಿನ ಬಚ್ಚಲು, ಅಂಗಳದ ಮೋಟರು: ಇವಕ್ಕೆ ಬೇಡ. ಅಲ್ಲಿ ಬೇಕಿರುವುದು ಆರ್‌ಸಿಸಿಬಿ ಮತ್ತು ನೆಟ್ಟಗಿನ ಅರ್ಥಿಂಗ್.

ಮೊದಲ ಹೆಜ್ಜೆ: ದುಡ್ಡಿಲ್ಲದ ಕೆಲಸ

ಒಂದು ಹಾಳೆ, ಒಂದು ಪೆನ್ನು ಹಿಡಿದು ಡಿಬಿ ಎದುರು ನಿಲ್ಲಿ. ಒಂದೊಂದೇ ಎಂಸಿಬಿ ಕೆಳಗೆ ಮಾಡುತ್ತಾ ಹೋಗಿ, ಮನೆಯವರು ಯಾವ ಲೈಟು, ಯಾವ ಪ್ಲಗ್ಗು ಹೋಯಿತು ಎಂದು ಕೂಗಲಿ. ಅರ್ಧ ಗಂಟೆಯ ಕೆಲಸ, ಮಕ್ಕಳಿಗೆ ಆಟ. ಹತ್ತರಲ್ಲಿ ಎಂಟು ಮನೆಯಲ್ಲಿ ಈ ಪಟ್ಟಿ ಮಾಡಿದಾಗ ಮಾಲೀಕರಿಗೇ ಆಶ್ಚರ್ಯ: ಹಾಲಿನ ಪ್ಲಗ್ಗು ಅಡುಗೆಮನೆಯ ಎಂಸಿಬಿಯಲ್ಲಿ, ದೇವರ ಮನೆ ದೀಪ ಬಚ್ಚಲಿನ ಜತೆ. ಹಾಳೆಯನ್ನು ಡಿಬಿ ಬಾಗಿಲಿನ ಒಳಗೆ ಅಂಟಿಸಿ.

ಆಮೇಲೆ ಮೂಗು, ಕಿವಿ, ಕೈ. ರಾತ್ರಿ ಏಸಿ, ಗೀಸರ್, ಇಸ್ತ್ರಿ ಪೆಟ್ಟಿಗೆ ಅರ್ಧ ಗಂಟೆ ಓಡಿದ ಮೇಲೆ ಒಣ ಕೈಯ ಹಿಂಭಾಗವನ್ನು ಸಾಕೆಟ್ಟಿನ ಪ್ಲಾಸ್ಟಿಕ್ ಮುಖಕ್ಕೆ ತಾಗಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬಂದ್ ಮಾಡಿ. ಮೀನಿನ ವಾಸನೆ ಬಂದರೆ ಅದು ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ ಬೇಯುವ ವಾಸನೆ. ಸ್ವಿಚ್ ಒತ್ತಿದಾಗ ಒಂದು ಚಿಟಿಕೆ ಸದ್ದು ಸಹಜ, ಒತ್ತಿ ಬಿಟ್ಟ ಮೇಲೂ ಜೇನ್ನೊಣದ ಸದ್ದು ಬಂದರೆ ಸಹಜವಲ್ಲ. ಪ್ಲಗ್ ಹಾಕಿದರೆ ತಾನೇ ಜೋತುಬೀಳುವ ಸಾಕೆಟ್ಟನ್ನು ಇವತ್ತೇ ಬದಲಿಸಿ.

ಗೋಡೆಯೊಳಗಿನ ವೈರಿಗಿಂತ ನೆಲದ ಮೇಲಿನ ಎಕ್ಸ್‌ಟೆನ್ಷನ್ ಬೋರ್ಡ್ ನನಗೆ ಹೆಚ್ಚು ಭಯ. ಮಂಚದ ಕಾಲಿನಡಿ ಸಿಕ್ಕಿದ ವೈರು, ಬಾಗಿಲ ಸಂದಿಯಲ್ಲಿ ಹಿಸುಕಿದ ವೈರು, ಟೇಪ್ ಸುತ್ತಿದ ಜಾಯಿಂಟು. 6 ಆಂಪಿಯರಿನ ಬೋರ್ಡಿಗೆ ಇಸ್ತ್ರಿಯೂ ನೀರು ಕಾಯಿಸುವ ರಾಡೂ ಸಿಕ್ಕಿಸಿರುತ್ತಾರೆ. ಪಿನ್ನಿಲ್ಲದ ಬರಿ ವೈರನ್ನು ಬೆಂಕಿಕಡ್ಡಿ ಇಟ್ಟು ತುರುಕಿದ್ದನ್ನೂ ಕಂಡಿದ್ದೇನೆ. ಬೆಂಕಿಕಡ್ಡಿಯೇ ಬೇಕಿತ್ತೇನೋ.

ಎರಡನೇ ಹೆಜ್ಜೆ: ಸ್ಕ್ರೂ ಮತ್ತು ಸೋರಿಕೆ

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಬಂದ್ ಮಾಡಿಸಿ, ಡಿಬಿಯ ಮತ್ತು 16 ಆಂಪಿಯರ್ ಸಾಕೆಟ್ಟುಗಳ ಪ್ರತಿ ಸ್ಕ್ರೂ ಬಿಗಿ ಮಾಡಿಸಿ. ‘ಗಟ್ಟಿ ಐತಿ’ ಎಂಬ ಮಾತು ಸಾಲದು. ಎಷ್ಟು ಬಿಗಿ ಬೇಕೆಂದು ಬ್ರೇಕರಿನ ಮೈಮೇಲೋ ಅದರ ಜತೆಗಿನ ಚೀಟಿಯಲ್ಲೋ ನ್ಯೂಟನ್ ಮೀಟರಿನಲ್ಲಿ ಬರೆದಿರುತ್ತದೆ, ಅಳತೆಯ ಸ್ಕ್ರೂಡ್ರೈವರ್ ಸಿಗುತ್ತದೆ. ನಮ್ಮ ಬಿಸಿಲಿಗೆ ಹಗಲು ಹಿಗ್ಗಿ ರಾತ್ರಿ ಕುಗ್ಗುವ ಲೋಹ ಸಡಿಲಾಗುವುದಕ್ಕೆ ಕಾರಣ ಹುಡುಕಬೇಕಿಲ್ಲ.

ಬಿಸಿಲಿನದೇ ಇನ್ನೊಂದು ಕಾಟ. ಎಂಸಿಬಿಯನ್ನು ಕಾರ್ಖಾನೆಯಲ್ಲಿ 30 ಡಿಗ್ರಿಗೆ ಹೊಂದಿಸಿರುತ್ತಾರೆ. ಪಡುವಣ ಗೋಡೆಯ ಮೇಲೆ, ಸಂಜೆ ಬಿಸಿಲು ಬೀಳುವಲ್ಲಿ ಡಿಬಿ ಇದ್ದರೆ ಅದು ತನ್ನ ಆಂಪಿಯರಿಗಿಂತ ಮುಂಚೆಯೇ ಬೀಳತೊಡಗುತ್ತದೆ. ಆಗ ಮನೆಯವರು “ಸಣ್ಣದಾತು” ಎಂದು 16 ತೆಗೆಸಿ 25 ಹಾಕಿಸುತ್ತಾರೆ, ಗೋಡೆಯೊಳಗಿನ 2.5 ಚದರ ಮಿಲಿಮೀಟರಿನ ವೈರು ಮಾತ್ರ ಹಾಗೇ ಉಳಿದಿರುತ್ತದೆ. ಡಿಬಿಯ ಜಾಗ ಬದಲಿಸಿ, ಎಂಸಿಬಿಯನ್ನಲ್ಲ.

ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಎಎಫ್‌ಡಿಡಿಯ ಮಾತೇ ಬೇಡ. ಸಣ್ಣ ಸಂಪರ್ಕಗಳನ್ನು ಬಿಟ್ಟರೆ ಉಳಿದವಕ್ಕೆ ಸೋರಿಕೆ ತಡೆಯುವ ಸಾಧನವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೇ ಕೇಳುತ್ತವೆ. ಮನೆಗೆ 30 ಮಿಲಿ ಆಂಪಿಯರಿನದು ಹಾಕಿಸಿ, ಅರ್ಥಿಂಗ್ ಗುಂಡಿಗೆ ನೀರು ಕಾಣಿಸಿ. ಜೀವ ಮೊದಲು, ಗೋಡೆ ಆಮೇಲೆ.

ಮೂರನೇ ಹೆಜ್ಜೆ: ನ್ಯೂಟ್ರಲ್ ಬೇರ್ಪಡಿಸುವುದು

ಎಎಫ್‌ಡಿಡಿ ಹಾಕಹೊರಟವರು ಹೆಚ್ಚಾಗಿ ಸೋಲುವುದು ಇಲ್ಲೇ. ಈ ಸಾಧನದೊಳಗೆ ಫೇಸೂ ನ್ಯೂಟ್ರಲೂ ಎರಡೂ ಹಾದುಹೋಗಬೇಕು, ಮತ್ತು ಆ ನ್ಯೂಟ್ರಲ್ ಆ ಸರ್ಕ್ಯೂಟಿನದೇ ಆಗಿರಬೇಕು. ನಮ್ಮಲ್ಲಿ ಏನು ಮಾಡಿರುತ್ತಾರೆ? ಕೋಣೆಕೋಣೆಗೆ ಫೇಸ್ ಬೇರೆ ಬೇರೆ ಎಳೆದು, ನ್ಯೂಟ್ರಲ್ ಮಾತ್ರ “ಎಲ್ಲಕ್ಕೂ ಒಂದೇ ಸಾಕು” ಎಂದು ಒಂದು ಬೋರ್ಡಿನಿಂದ ಇನ್ನೊಂದಕ್ಕೆ ದಾಟಿಸಿರುತ್ತಾರೆ. ವೈರಿನ ಉಳಿತಾಯ. ಹತ್ತು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಸೋರಿಕೆಯನ್ನೂ ನೋಡುವ ಎಎಫ್‌ಡಿಡಿಯನ್ನು ಅಂಥ ಮನೆಗೆ ಹಾಕಿದ ದಿನವೇ ಪದೇಪದೇ ಬೀಳುತ್ತದೆ, ಬೈಗುಳ ಮಾತ್ರ ಸಾಧನಕ್ಕೆ.

ಇನ್ವರ್ಟರ್ ಇರುವ ಮನೆಯಲ್ಲಿ ಇದು ಇಮ್ಮಡಿ. ಕರೆಂಟು ಹೋದಾಗ ಹತ್ತುವ ದೀಪ, ಫ್ಯಾನುಗಳ ಫೇಸನ್ನು ಇನ್ವರ್ಟರಿಗೆ ಕೊಟ್ಟು, ನ್ಯೂಟ್ರಲನ್ನು ಹಳೆಯದರಲ್ಲೇ ಬಿಟ್ಟಿರುತ್ತಾರೆ. ಹೊಸ ಮನೆಯಾದರೆ ಪೈಪಿನೊಳಗೆ ವೈರು ಎಳೆಯುವ ದಿನ ನೀವೇ ನಿಂತು, ಪ್ರತಿ ಸರ್ಕ್ಯೂಟಿಗೂ ಅದರದೇ ಕರಿ ವೈರು, ಅದರದೇ ಹಸಿರು ವೈರು ಡಿಬಿಯವರೆಗೆ ಬಂತೇ ಎಂದು ಎಣಿಸಿ. ಪ್ಲಾಸ್ಟರ್ ಆದ ಮೇಲೆ ಎಣಿಸಲಾಗುವುದಿಲ್ಲ.

ಹಳೆ ಮನೆಗೆ ಹಾಕುವ ಮುಂಚೆ ವೈರಿನ ಹೊದಿಕೆಯ ತಡೆ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿಸಿ, ಆ ತಡೆ 1 ಮೆಗಾ ಓಮಿಗಿಂತ ಕೆಳಗಿದ್ದರೆ ವೈರೇ ಹೋಗಿದೆ. ಮೆಗ್ಗರ್ ಹಿಡಿಯುವಾಗ ಎಎಫ್‌ಡಿಡಿ, ಟಿವಿ, ಎಲ್‌ಇಡಿ ಏನೂ ಸರ್ಕ್ಯೂಟಿನಲ್ಲಿ ಇರಕೂಡದು, ಎಲೆಕ್ಟ್ರಾನಿಕ್ ಸಾಮಾನು ಸುಟ್ಟೀತು.

ನಾಲ್ಕನೇ ಹೆಜ್ಜೆ: ಆರಿಸುವುದು, ಕೊಳ್ಳುವುದು

ಎಂಸಿಬಿ ನೂರಾರು ರೂಪಾಯಿಯ ಮಾತು, ಎಎಫ್‌ಡಿಡಿ ಸಾವಿರಾರು. ನಮ್ಮ ಊರಿನ ಅಂಗಡಿಯಲ್ಲಿ ಕೇಳಿದರೆ ಮೊದಲು ಆರ್‌ಸಿಸಿಬಿ ತಂದು ಕೊಡುತ್ತಾರೆ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ತರಿಸಬೇಕಾದೀತು. ಆದ್ದರಿಂದ ಎಲ್ಲ ಸರ್ಕ್ಯೂಟಿಗೂ ಹಾಕುವ ಆಸೆ ಬೇಡ. ಸಾಧಾರಣ ಮೂರು ಕೋಣೆಯ ಮನೆಗೆ ನಾನು ಎರಡು ಹೇಳುತ್ತೇನೆ: ಜನ ಮಲಗುವ ಜಾಗದ ಏಸಿ ಅಥವಾ 16 ಆಂಪಿಯರ್ ಸಾಕೆಟ್ಟಿನ ಸರ್ಕ್ಯೂಟಿಗೆ ಒಂದು, ಪಡಸಾಲೆಯ ಪ್ಲಗ್ಗುಗಳಿಗೆ ಒಂದು. ಹೊಲಿಗೆ, ಹತ್ತಿ, ಮರದ ಕೆಲಸ ಇದ್ದರೆ ಆ ಕೋಣೆ ಎಲ್ಲಕ್ಕಿಂತ ಮುಂದೆ.

ಕೊಳ್ಳುವಾಗ ಮೈಮೇಲೆ ಐಇಸಿ 62606, 230 ವೋಲ್ಟ್, 50 ಹರ್ಟ್ಸ್ ಎಂದಿರಲಿ. ಬರೀ ಕಿಡಿ ಹಿಡಿಯುವ ಮಾದರಿಗೆ ಜತೆಯಲ್ಲಿ ಎಂಸಿಬಿ ಬೇಕು. ಎಂಸಿಬಿ, ಸೋರಿಕೆ, ಕಿಡಿ ಮೂರನ್ನೂ ಒಂದರಲ್ಲೇ ಕೂಡಿಸಿದ ಮಾದರಿಯೂ ಇದೆ. ಹಳೆ ಡಿಬಿಯಲ್ಲಿ ಒಂದೊಂದು ಎಂಸಿಬಿ 18 ಮಿಲಿಮೀಟರ್ ಅಗಲದ ಒಂದೇ ಮನೆ ಹಿಡಿಯುತ್ತದೆ, ಎಎಫ್‌ಡಿಡಿಯ ಹಲವು ಮಾದರಿಗಳಿಗೆ ಎರಡು ಮೂರು ಮನೆ ಬೇಕು. ಎರಡು ಎಎಫ್‌ಡಿಡಿ ಕೊಂಡು ಬಂದು ಡಿಬಿಯಲ್ಲಿ ಜಾಗವಿಲ್ಲದೆ ನಿಂತವರಿದ್ದಾರೆ. ಮೊದಲು ಡಿಬಿ ಅಳೆಯಿರಿ.

ಒಂದು ಮಿತಿಯನ್ನು ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಾನಕ ಶುರುವಾಗುವುದೇ 2.5 ಆಂಪಿಯರಿನಿಂದ. 200 ವ್ಯಾಟಿನ ಕೂಲರ್ ಎಳೆಯುವುದು ಒಂದು ಆಂಪಿಯರಿಗೂ ಕಡಿಮೆ. ಕೂಲರಿನ ಸಡಿಲು ಪ್ಲಗ್ಗಿನ ಕಿಡಿಯನ್ನು ಎಎಫ್‌ಡಿಡಿ ಬಿಟ್ಟುಬಿಡಬಹುದು. ಕಿಡಿಯಿಲ್ಲದೆ ಕೆಂಡದಂತೆ ಕಾದ ಜಾಯಿಂಟೂ, ಕಿಡಿ ಹುಟ್ಟುವವರೆಗೆ, ಅದಕ್ಕೆ ಕಾಣದು. ನಮ್ಮ ಜಿಲ್ಲೆಗಳಲ್ಲಿ ಕೂಲರ್ ಇಲ್ಲದ ಮನೆ ಯಾವುದು? ಅದಕ್ಕೇ ಸ್ಕ್ರೂಡ್ರೈವರಿನ ಹೆಜ್ಜೆಯನ್ನು ಎಎಫ್‌ಡಿಡಿಗಿಂತ ಮೊದಲು ಬರೆದದ್ದು.

ಹಾಕಿಸಿದ ಮೇಲೆ ಬಿದ್ದರೆ

ಬೀಳುತ್ತದೆ. ಬೈಯಬೇಡಿ, ತೆಗೆಸಬೇಡಿ. ಆ ಸರ್ಕ್ಯೂಟಿನ ಎಲ್ಲ ಪ್ಲಗ್ಗು ಕಿತ್ತು, ಮತ್ತೆ ಮೇಲೆ ಮಾಡಿ. ಏನೂ ಹಾಕದಿದ್ದರೂ ಬಿದ್ದರೆ ದೋಷ ಗೋಡೆಯೊಳಗಿದೆ, ಎಲೆಕ್ಟ್ರಿಷಿಯನ್ ಬರಲಿ. ಬೀಳದೆ ನಿಂತರೆ ಒಂದೊಂದೇ ಸಾಮಾನು ಹಚ್ಚುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಅದರ ವೈರು, ಪಿನ್ನು, ಒಳಗಿನ ಮೋಟರು ನೋಡಿಸಿ. ಕಾರ್ಬನ್ ಬ್ರಷ್ ಸವೆದ ಮಿಕ್ಸರ್, ಅಗ್ಗದ ಎಲ್‌ಇಡಿ, ಹಳೆ ಡಿಮ್ಮರ್, ಪಕ್ಕದಲ್ಲಿ ವೆಲ್ಡಿಂಗ್ ನಡೆದರೆ ಕೆಲವೊಮ್ಮೆ ಸುಳ್ಳೇ ಬೀಳುವುದೂ ಉಂಟು. ಸಾಧನದ ಮೇಲಿನ ಸಣ್ಣ ದೀಪ ಯಾವ ಬಣ್ಣದಲ್ಲಿ, ಎಷ್ಟು ಸಲ ಮಿನುಗಿತು ಎಂದು ನೋಡಿ, ಅದರ ಜತೆ ಬಂದ ಚೀಟಿಗೆ ಹೋಲಿಸಿದರೆ ಕಿಡಿಯೋ ಸೋರಿಕೆಯೋ ಹೆಚ್ಚು ಲೋಡೋ ಗೊತ್ತಾಗುತ್ತದೆ. ಆ ಚೀಟಿಯನ್ನು ಡಬ್ಬಿಯ ಜತೆ ಎಸೆಯಬೇಡಿ.

ಕೊಪ್ಪಳದ ಒಂದು ಮನೆಯಲ್ಲಿ ಹಾಕಿದ ಎರಡು ತಿಂಗಳಿಗೆ ಫೋನು ಬಂತು. “ನೀವು ಹಾಕಿದ್ದು ಕೆಟ್ಟೈತ್ರಿ, ಮುಂಜಾನೆ ಮುಂಜಾನೆ ಬೀಳ್ತೈತಿ.” ಹೋಗಿ ಕೂತೆ. ಇಸ್ತ್ರಿ ಹಚ್ಚಿದರು, ಬೀಳಲಿಲ್ಲ. ಮಿಕ್ಸರ್ ಹಚ್ಚಿ ಶೇಂಗಾ ಚಟ್ನಿ ಪುಡಿ ಮಾಡಿದರು, ಬೀಳಲಿಲ್ಲ. ಚಟ್ನಿ ಜತೆ ಎರಡು ರೊಟ್ಟಿ ನನಗೂ ಸಿಕ್ಕವು. ಎದ್ದು ಹೊರಡಬೇಕು, ಆಷಾಢದ ಗಾಳಿಗೆ ಮುಂಬಾಗಿಲು ಧಡ್ ಎಂದು ಬಡಿಯಿತು, ಇಸ್ತ್ರಿಯ ದೀಪ ಆರಿತು, ಡಿಬಿಯಲ್ಲಿ ಟಕ್ ಎಂದಿತು. ಬಾಗಿಲಿನ ಹಿಂದಿನ ಗೋಡೆಯಲ್ಲೇ ಆ ಸಾಕೆಟ್ ಬೋರ್ಡ್. ಮೇನ್ ಬಂದ್ ಮಾಡಿ ಬಿಚ್ಚಿದೆ. ನ್ಯೂಟ್ರಲಿನ ಸ್ಕ್ರೂ ಮುಕ್ಕಾಲು ಸುತ್ತು ಸಡಿಲು, ವೈರಿನ ತುದಿ ಆಗಲೇ ಕಪ್ಪಗಾಗಿತ್ತು. ಬೋರ್ಡ್ ಕಟ್ಟಿದವರು ಬೇರೆ ಯಾರೋ. ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಬಿಗಿ ಮಾಡಿದೆ.

ಕರೆಂಟ್ ಬಿಲ್ ಬಂದ ದಿನ ಎಎಫ್‌ಡಿಡಿಯ ಮತ್ತು ಆರ್‌ಸಿಸಿಬಿಯ ‘ಟಿ’ ಗುಂಡಿ ಒಮ್ಮೆ ಒತ್ತಿ ನೋಡಿ ಎಂದು ಅವರ ಹಾಳೆಯ ಕೆಳಗೆ ಬರೆದು ಬಂದೆ. ಬಾಗಿಲು ಬಡಿಯದಂತೆ ಒಂದು ರಬ್ಬರ್ ತಡೆ ಹಾಕಿಸಿ ಎಂದೂ ಬರೆದಿದ್ದೆ. ಅದನ್ನು ಇನ್ನೂ ಹಾಕಿಸಿಲ್ಲವಂತೆ.